ಭವಾನಿಗೆ ಬಿಟ್ಟ ಫೈಲು

2025 ಆಗಸ್ಟ್ 3, ಭಾನುವಾರ

ಹತ್ತಕ್ಕೆ ಸರಿಯಾಗಿ ಇಲಕ್ಕಿಯಾಳ ಫೋನ್. ತಂಗಿಯ ಮಗಳು, ಮಡತ್ತುಕುಳಂನಲ್ಲಿ ಸಂಸಾರ.

"ಮಾಮಾ, ಉಂಡ್ರಾ?"

"ಇನ್ನೂ ಇಲ್ಲ ಕಣ್ಣು."

"ಮೊನ್ನೆ ಸಾಂಬಾರೇ ಇವತ್ತೂ ತಾನೆ? ನಿಮ್ಮ ಫ್ರಿಡ್ಜ್‌ಗೆ ಬಾಯಿದ್ರೆ ಅಳ್ತಿತ್ತು."

ನಕ್ಕೆ. ಕೊನೆಗೆ ಎಂದಿನ ಮಾತು — "ಆ ಕ್ಲಿನಿಕ್‌ನೋರು ಅಮ್ಮನ ಪೇಪರ್ ಮುಚ್ಚಿಟ್ರಲ್ಲಾ ಮಾಮಾ, ಅವರ ಕೈ ಸೇದಿಹೋಗ."

"ಹೂಂ" ಅಂದೆ. ನಾಲ್ಕು ವರ್ಷದಿಂದ ಅದೇ ಹೂಂ.

ಇನ್ನು ಏಳು ದಿನ ಫೋನ್ ಬಂದರೆ ಸಿಮ್ ಕಂಪನಿಯವರದೇ.

ಆಗಸ್ಟ್ 6, ಬುಧವಾರ

ಕೋಯಮುತ್ತೂರಿನಿಂದ ತೆನ್ಮೊಳಿ ಎಂಬ ಹೆಣ್ಣುಮಗಳು ಬಂದಿದ್ದರು. ರಿಸರ್ಚ್. ಡಾಕ್ಟರರ ಮೇಲೆ ಮೆಡಿಕಲ್ ಕೌನ್ಸಿಲ್‌ಗೆ ಕೊಟ್ಟು, ಅರ್ಧಕ್ಕೆ ಮುಚ್ಚಿಹೋದ ದೂರುಗಳನ್ನು ಹಿಡಿದು ಮನೆ ಮನೆ ಸುತ್ತುತ್ತಾರೆ. ಯಾವುದು ಯಾಕೆ ನಿಂತಿತು ಅಂತ ತಿಳಿದರೆ ನಿಯಮ ತಿದ್ದಿಸಬಹುದಂತೆ.

ನನ್ನದೂ ಒಂದಿದೆ. ನಾಲ್ಕು ವರ್ಷದ ಹಿಂದೆ ತಂಗಿ ತಂಗಮಣಿಗೆ ಜ್ವರ. ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್. ಒಂದು ಇಂಜೆಕ್ಷನ್. ಒಂದು ಗಂಟೆಯೊಳಗೆ ಹೋದಳು. ದೂರು ಕೊಟ್ಟೆ. ಚಿಕಿತ್ಸೆಯ ದಾಖಲೆ ಇಲ್ಲ ಅಂತ ಮುಚ್ಚಿದರು.

ತಮಿಳಿನಲ್ಲಿ ಕೇಳಿದರು, "ಕ್ಲಿನಿಕ್‌ನಲ್ಲಿ ಚೀಟಿ ಕೊಟ್ಟಿದ್ರಾ ಅಯ್ಯಾ?"

"ಕೊಡಲಿಲ್ಲ."

ಟ್ಯಾಬ್‌ನಲ್ಲಿ ಒತ್ತಿಕೊಂಡರು. "ನಿಮ್ಮನ್ನೂ ಸೇರಿಸಿ ಹೀಗೆ ಹೇಳಿದವರು ಇಪ್ಪತ್ತಮೂರು ಜನ. ಚೀಟಿ ಕೈಗೆ ಕೊಟ್ಟೇ ಕಳಿಸಬೇಕು ಅನ್ನೋ ನಿಯಮ ಬಿಗಿ ಮಾಡಿ ಅಂತ ಬರೀತೀವಿ."

ಕಾಫಿ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ. ಹೇಳದೆ ಕುಡಿದರು.

ಆಗಸ್ಟ್ 7

ಚೀಟಿ ಕೊಟ್ಟಿದ್ದರು. ಎಲ್ಲ ಕೊಟ್ಟಿದ್ದರು. ನೀಲಿ ಫೈಲು.

ನಮ್ಮವರಲ್ಲಿ ಮೂರನೇ ದಿನ ಸತ್ತವರ ಸಾಮಾನು ಭವಾನಿ ನದಿಗೆ ಬಿಡುವುದು. ಸೀರೆ, ಕನ್ನಡಕ, ಉಳಿದ ಮಾತ್ರೆ. ಕಾಯಿಲೆಯದು ಏನೂ ಮನೆಯಲ್ಲಿ ಉಳಿಯಕೂಡದು. ಫೈಲನ್ನೂ ಗಂಟಿನೊಳಗೆ ಇಟ್ಟವನು ನಾನೇ. ಮಂಡಿಮಟ್ಟ ನೀರಿಗಿಳಿದು ಬಿಟ್ಟೆ, ತಿರುಗಿ ನೋಡದೆ ಬಂದೆ.

ತಿಂಗಳಾದ ಮೇಲೆ ದೂರು ಬರೆಯಲು ಕೂತ ವಕೀಲರು ಪೇಪರ್ ಎಲ್ಲಿ ಅಂದರು. ನದಿಯಲ್ಲಿ ಅನ್ನಲು ನಾಚಿಕೆ. ಕೊಡಲಿಲ್ಲ ಅಂದುಬಿಟ್ಟೆ. ಅರ್ಜಿಯಲ್ಲೂ ಅದೇ ಬಂತು. ಇಲಕ್ಕಿಯಾ ನಂಬಿದಳು.

ಅವಳಿಗೆ ಕನ್ನಡ ಓದಲು ಬಾರದು. ಕೊಳ್ಳೇಗಾಲದಿಂದ ರೇಷ್ಮೆ ತರುತ್ತಿದ್ದವರ ಹತ್ತಿರ ನಾನು ಕೇಳಿ ಕೇಳಿ ಕಲಿತ ಅಕ್ಷರ ಇದು. ಅದಕ್ಕೇ ಇಲ್ಲಿ ಬರೆಯುವ ಧೈರ್ಯ.

ಆಗಸ್ಟ್ 12

ನಿದ್ದೆ ಸರಿಯಿಲ್ಲ.

ನಲವತ್ತು ವರ್ಷ ಈ ಸಿರುಮುಗೈಯಲ್ಲಿ ಜಕಾರ್ಡ್ ಮಗ್ಗದ ಅಟ್ಟೆಗೆ, ಅಂದರೆ ಡಿಸೈನಿನ ರಟ್ಟಿಗೆ, ತೂತು ಹೊಡೆದವನು. ಒಂದು ತೂತು ತಪ್ಪಿದರೆ ನವಿಲಿನ ಕತ್ತು ಒಂದು ಕಡೆ ಅಲ್ಲ, ಸೀರೆ ಉದ್ದಕ್ಕೂ ಮುರಿಯುತ್ತದೆ. ಬೈಸಿಕೊಳ್ಳುವವನು ನೇಯ್ದವನು.

ಇಪ್ಪತ್ತಮೂರರಲ್ಲಿ ನನ್ನದೊಂದು ಸುಳ್ಳು. ಡಾಕ್ಟರರ ಕಡೆಯವರು ಇದೊಂದನ್ನು ಹಿಡಿದರೆ ಸಾಕು, ಮಿಕ್ಕ ಇಪ್ಪತ್ತೆರಡು ಮನೆಯ ನಿಜವನ್ನೂ ಕಸಕ್ಕೆ ಹಾಕುತ್ತಾರೆ.

ಆದರೆ ನಿಜ ಹೇಳಿದರೆ... ಇಲಕ್ಕಿಯಾಳಿಗೂ ಹೇಳಬೇಕು. ಭಾನುವಾರ ಅಂತ ನನಗೆ ಇರುವುದು ಅವಳೊಬ್ಬಳು.

ಆಗಸ್ಟ್ 17, ಭಾನುವಾರ

ಫೋನ್ ಬಂತು. ಹೇಳಲು ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ಏನ್ ಮಾಮಾ, ಶೀತ ಆಗಿದ್ಯಾ? ಕಷಾಯ ಕುಡೀರಿ."

ಕುಡಿದೆ.

ಆಗಸ್ಟ್ 20

ತೆನ್ಮೊಳಿಯವರಿಗೆ ಫೋನ್ ಮಾಡಿ ಹೇಳಿದೆ.

"ಆ ಇಪ್ಪತ್ತಮೂರರ ಸಾಲಿನಿಂದ ನಿಮ್ಮದನ್ನ ತೆಗೀಬೇಕಾಗುತ್ತೆ ಅಯ್ಯಾ."

"ತೆಗೀಮ್ಮಾ."

ಬೈಯಲಿಲ್ಲ. "ಚೀಟಿ ಜೋಪಾನ ಅಂತ ಅಲ್ಲಿ ಯಾರಾದ್ರೂ ಹೇಳಿದ್ರಾ?" ಅಂದರು. ಇಲ್ಲ ಅಂದೆ. "ಈ ಪ್ರಶ್ನೆ ನಮ್ಮ ಫಾರ್ಮ್‌ನಲ್ಲೇ ಇಲ್ಲ. ಸೇರಿಸ್ತೀನಿ." ಆಮೇಲೆ, "ಇಂಜೆಕ್ಷನ್ ಕೊಡುವಾಗ ಜೊತೆಗೆ ಯಾರಿದ್ರು?"

"ಅವಳ ಮಗಳು. ನಾನು ಹೊರಗಿದ್ದೆ."

"ಅವರು ಮಾತಾಡ್ತಾರಾ?"

"ಮೊದಲು ನಾನು ಅವಳಿಗೆ ಒಂದು ಮಾತು ಹೇಳಬೇಕಮ್ಮಾ."

ಆಗಸ್ಟ್ 24, ಭಾನುವಾರ, 10.20

ಹೇಳಿದೆ. ಫೈಲು, ಗಂಟು, ನದಿ, ಎಲ್ಲ. ತೆನ್ಮೊಳಿಯವರು ಕೇಳಿದ್ದನ್ನೂ.

"ನಾಲ್ಕು ವರ್ಷ ಮಾಮಾ. ಒಂದೊಂದು ವಾರಾನೂ ನನ್ನ ಬಾಯಲ್ಲಿ ಶಾಪ ಹಾಕಿಸಿ ಹೂಂ ಹೂಂ ಅಂದ್ರಲ್ಲಾ."

ಫೋನ್ ಇಟ್ಟುಬಿಟ್ಟಳು.

ಆಗಸ್ಟ್ 31, ಭಾನುವಾರ

ಹತ್ತು. ಹತ್ತೂವರೆ. ಹನ್ನೊಂದು.

ಸೆಪ್ಟೆಂಬರ್ 7, ಭಾನುವಾರ

ಫೋನ್ ಬಂತು. ಓಡಿಬಂದು ತೆಗೆದೆ. ಸಿಮ್ ಕಂಪನಿ. ಆ ಹುಡುಗಿ ಮಾತು ಮುಗಿಸುವವರೆಗೂ ಕೇಳಿದೆ.

ಸೆಪ್ಟೆಂಬರ್ 18, ಗುರುವಾರ, ಮಧ್ಯಾಹ್ನ 3

"ಮಾಮಾ, ಕೋಪ ಹೋಗಿಲ್ಲ. ಮೊದ್ಲೇ ಹೇಳ್ಬಿಡ್ತೀನಿ."

"ಇರ್ಲಿ ಕಣ್ಣು, ಇರ್ಲಿ."

"ಆ ಕೋಯಮುತ್ತೂರಮ್ಮ... ಪೇಪರ್ ಇಲ್ದೆ ಬಾಯಲ್ಲಿ ಹೇಳಿದ್ರೆ ತಗೋತಾರಾ?"

"ಕೇಳ್ತಾರಂತೆ."

"ರೂಮ್ ಒಳಗೆ ಇದ್ದೋಳು ನಾನು. ಒಬ್ರೂ ನನ್ನ ಕೇಳ್ಲಿಲ್ಲ. ವಕೀಲ್ರೂ ಇಲ್ಲ. ನೀವೂ ಕೇಳ್ಲಿಲ್ಲ ಮಾಮಾ."

ಹೌದು. ನಾನು ಪೇಪರನ್ನೇ ನೆನೆಯುತ್ತಾ ಕೂತೆ. ಅವಳನ್ನು ಒಂದು ದಿನ ಕೇಳಲಿಲ್ಲ.

"ಈಗ ಹೇಳು. ಬರೆದುಕೊಳ್ಳುತ್ತೇನೆ" ಅಂದೆ. ಫೋನ್ ಸ್ಪೀಕರ್‌ಗೆ ಹಾಕಿದ್ದೇನೆ. ಈ ನೋಟ್‌ಬುಕ್ಕಿನಲ್ಲೇ. ಅವಳು ಹೇಳಿದ ಹಾಗೇ, ಒಂದಕ್ಷರ ಸೇರಿಸದೆ —

ಡಾಕ್ಟರ್ ಸೂಜಿ ತಗೊಂಡ್ರು. ಏನೂ ಕೇಳ್ಲಿಲ್ಲ. ಅಮ್ಮಾನೇ ಹೇಳ್ತು. ಎರಡು ಸಲ. ಸಾರ್, ಈ ಮದ್ದು ನನಗೆ ಮುಂಚೆ ಒಂದು ಸಲ ಆಗ್ಲಿಲ್ಲ, ಬಾಯಿ ಊದಿ... ಅದಕ್ಕೆ ಡಾಕ್ಟರ್ —

"ನಿಧಾನ ಕಣ್ಣು. ಅಳಬೇಡ. ಡಾಕ್ಟರ್ ಏನು ಅಂದ್ರು?"

ಏನೂ ಆಗಲ್ಲಮ್ಮಾ ಅಂದ್ಬಿಟ್ಟು ಚುಚ್ಚೇಬಿಟ್ರು ಮಾಮಾ.