ನಾನು ಕೇಳದ ಪ್ರಶ್ನೆಗೆ ಜುಲೈಕಾ ಅವರ ಉತ್ತರ

ಮಾನ್ಯ ಪ್ರಾಂಶುಪಾಲರೇ,

ವಾಮದಪದವಿನ ಜುಲೈಕಾ ಎಂಬವರಿಗೆ ಮರೆವಿನ ಕಾಯಿಲೆ ಇಲ್ಲ. ಇರುವುದು ಸಕ್ಕರೆ ಕಾಯಿಲೆ ಮಾತ್ರ. ಮರೆವನ್ನು ಅವರಿಗೆ ಅಂಟಿಸಿದ್ದು ನಮ್ಮ ಫಾರ್ಮಸಿ ಕಾಲೇಜು. ಅಂದರೆ ನೀವು, ಮತ್ತು ನಿಮ್ಮೆದುರು ಬಾಯಿ ಬಿಡಲಾಗದ ನಾನು. ಇದನ್ನು ಹೇಳಲು ಎರಡು ಸಲ ನಿಮ್ಮ ಚೇಂಬರಿಗೆ ಬಂದೆ. ಎರಡು ಸಲವೂ ಎಚ್‌ಒಡಿ ಮೂಲಕ ಬರಲು ಹೇಳಿದಿರಿ. ಈಗ ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ಐದನೇ ಕ್ಲಾಸಿನಿಂದ ಮೂಡುಬಿದಿರೆಯ ಹಾಸ್ಟೆಲುಗಳಲ್ಲೇ ಬೆಳೆದವಳು ನಾನು. ಬೆಲ್ಲಿಗೆ ಏಳುವುದು, ಬೆಲ್ಲಿಗೆ ಉಣ್ಣುವುದು, ತೋರಿಸಿದಲ್ಲಿ ಸೈನ್ ಹಾಕುವುದು ಅಭ್ಯಾಸ. ಕನ್ನಡ ಬರೆಯುವಾಗ ಅರ್ಧ ಇಂಗ್ಲಿಷ್ ಬರುತ್ತದೆ, ಕ್ಷಮಿಸಿ. ಕಮ್ಯುನಿಕೇಶನ್ ಸ್ಕಿಲ್ಸ್ ಪಾಠವನ್ನು ನೀವೇ ಮಾಡುತ್ತೀರಿ ಎಂದಾಗ ಧೈರ್ಯ ಬಂದಿತ್ತು. ರೋಗಿಯ ಮುಖ ನೋಡಿ ಮಾತಾಡಿ, ಅವಸರ ಬೇಡ, ಮನೆಯಲ್ಲಿ ಬೇರೆ ಮಾತ್ರೆ ಉಂಟಾ ಎಂದು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ ಎಂದಿರಿ. ನನ್ನ ಕ್ಲಾಸ್‌ಮೇಟ್ ಶೋಧನ್ ರೋಗಿಯಾಗಿ ಕೆಮ್ಮಿದ, ನಾನು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕೇಳಿದೆ, ನೀವು ಹತ್ತಕ್ಕೆ ಒಂಬತ್ತು ಕೊಟ್ಟಿರಿ. ನಾನು ನಂಬಿದ್ದೆ ಸರ್. ನಂಬಬಾರದೆಂದು ಸಿಲೆಬಸ್ಸಿನಲ್ಲಿ ಎಲ್ಲಿಯೂ ಇರಲಿಲ್ಲ.

ಕಳೆದ ತಿಂಗಳು ವಾಮದಪದವಿನಲ್ಲಿ ನಮ್ಮ ಉಚಿತ ಆರೋಗ್ಯ ಶಿಬಿರ. ಕಾಲೇಜಿನ ಬಸ್ಸು ಮೂಡುಬಿದಿರೆ ದಾಟುವ ಮೊದಲೇ, ರೋಗಿಯ ಹತ್ತಿರ ಏನೇನು ಕೇಳಿದೆವೆಂದು ದಾಖಲಿಸುವ ಕೌನ್ಸೆಲಿಂಗ್ ಫಾರ್ಮುಗಳ ಕಟ್ಟು ನಮ್ಮ ತೊಡೆಯ ಮೇಲಿತ್ತು. "ಅಲ್ಲಿ ರಶ್ ಇರ್ತದೆ. ಟಿಕ್ ಎಲ್ಲ ಇಲ್ಲೇ ಹಾಕಿ ಮುಗಿಸುವ, ಹೆಸರು, ಫೋನ್ ನಂಬರ್ ಮಾತ್ರ ಅಲ್ಲಿ ಬರೆದ್ರಾಯ್ತು" ಎಂದವರು ನೀವೇ. ಪ್ರತಿ ವರ್ಷವೂ ಹೀಗೆಯೇ ಎಂದು ಸೀನಿಯರುಗಳು ನಕ್ಕರು. 'ಬೇರೆ ಮಾತ್ರೆ' ಎಂಬಲ್ಲಿ 'ಇಲ್ಲ', 'ಅರ್ಥವಾಗಿದೆ' ಎಂಬಲ್ಲಿ 'ಹೌದು' ಎಂದು ನಲವತ್ತು ಫಾರ್ಮುಗಳಿಗೆ ಟಿಕ್ ಹಾಕಿ ಸೈನ್ ಮಾಡಿದೆ. ಆ ನಲವತ್ತು ಮಂದಿ ಆಗ ಇನ್ನೂ ಮನೆಯಿಂದ ಹೊರಟಿರಲಿಲ್ಲ.

ಜುಲೈಕಾ ಅವರಿಗೆ ಶಿಬಿರದ ಡಾಕ್ಟರು ಬರೆದ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟೆ. ಅವರು ಚೀಲದೊಳಗೆ ಏನನ್ನೋ ಹುಡುಕುತ್ತಾ ನಿಂತಿದ್ದರು. ನಾನು "ನೆಕ್ಸ್ಟ್" ಎಂದೆ. ಹುಡುಕುತ್ತಿದ್ದದ್ದು ಅದೇ ಔಷಧದ ಹಳೆಯ ಸ್ಟ್ರಿಪ್ ಎಂದು, ಕಂಪೆನಿಯ ಹೆಸರು ಮಾತ್ರ ಬೇರೆ ಎಂದು, ಆಮೇಲೆ ತಿಳಿಯಿತು. ಎರಡನ್ನೂ ನುಂಗಿ, ಮೂರನೇ ದಿನ ಬೆಳಿಗ್ಗೆ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬಿದ್ದರು. ಜೀವ ಉಳಿಯಿತು, ಕೈ ಮುರಿಯಿತು.

ಅವರ ಮಗ ಇದಿನಬ್ಬ ಕಾಲೇಜಿಗೆ ಜಗಳಕ್ಕೆ ಬಂದಿರಲಿಲ್ಲ, ವಿಷಯ ತಿಳಿಯಲು ಬಂದಿದ್ದರು. ನೀವು ನನ್ನನ್ನು ಕರೆಸಿ, ಫಾರ್ಮನ್ನು ಅವರತ್ತ ತಿರುಗಿಸಿದಿರಿ. "ನೋಡಿ, ನಾವು ಕೇಳಿಯೇ ಕೊಟ್ಟದ್ದು. ಬೇರೆ ಮಾತ್ರೆ ಇಲ್ಲ ಅಂತ ನಿಮ್ಮ ತಾಯಿಯೇ ಅಂದಿದ್ದಾರೆ."

"ಉಮ್ಮ ಹಾಗೆ ಹೇಳ್ಲಿಕ್ಕಿಲ್ಲ ಸರ್. ಮಾತ್ರೆ ವಿಷಯ ಕೇಳಿದ್ರೆ ಅವರು ಅರ್ಧ ಗಂಟೆ ಬಿಡುವವರಲ್ಲ" ಎಂದು ನಕ್ಕು, ಅವರು ನನ್ನತ್ತ ತಿರುಗಿದರು. "ನೀವು ಕೇಳಿದ್ದೀರಾ ಮಗಳೇ?"

ನಾನು ನಿಮ್ಮ ಮುಖ ನೋಡಿದೆ. ನೀವು ಫಾರ್ಮ್ ನೋಡುತ್ತಿದ್ದಿರಿ. ಕೇಳಿದ್ದೇನೆ ಎಂದೆ. ಅವರು "ಹಾಗಾದ್ರೆ ಉಮ್ಮನಿಗೆ ಮರೆವು ಸುರು ಆಗಿರ್ಬೇಕು" ಎಂದು ನಮ್ಮಿಬ್ಬರ ಕ್ಷಮೆ ಕೇಳಿ ಹೋದರು. ನಮ್ಮ ಕ್ಷಮೆ! ಬಾಗಿಲು ಮುಚ್ಚಿದ ಮೇಲೆ ನೀವು "ಗುಡ್" ಎಂದಿರಿ. ಅದು ಎಷ್ಟಕ್ಕೆ ಎಷ್ಟು ಮಾರ್ಕು ಸರ್?

ಮೊನ್ನೆ ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಜುಲೈಕಾ ಅವರೇ ಎತ್ತಿದರು. ಮಾತ್ರೆ ಎಂದು ನಾನು ಬಾಯಿ ತೆರೆಯುವುದರೊಳಗೆ, "ನನಗೀಗ ಏನೂ ನೆನಪು ನಿಲ್ಲುದಿಲ್ಲ ಮಗಳೇ, ಮಗನ ಹತ್ರ ಕೇಳು" ಎಂದು ಇಟ್ಟುಬಿಟ್ಟರು. ಅವರೇ ನಂಬಿಬಿಟ್ಟಿದ್ದಾರೆ.

ಮುಂದಿನ ವಾರ ಕಾಲೇಜಿನಲ್ಲಿ ಎಥಿಕ್ಸ್ ಬಗ್ಗೆ ವಿಶೇಷ ಉಪನ್ಯಾಸ, ಹಾಜರಿ ಕಡ್ಡಾಯ ಎಂದು ನೋಟಿಸ್ ಬಂದಿದೆ. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಈ ಶನಿವಾರ ಅದೇ ಬಸ್ಸಿನಲ್ಲಿ, ಅದೇ ಫಾರ್ಮ್ ಹಿಡಿದು, ನೀವು ವಾಮದಪದವಿಗೆ ಬರಬೇಕು. ಆ ಟಿಕ್ ಯಾವಾಗ, ಯಾರು ಹೇಳಿ, ಯಾರು ಹಾಕಿದ್ದು ಎಂದು ಮಗನ ಎದುರೇ ಜುಲೈಕಾ ಅವರಿಗೆ ಹೇಳಬೇಕು. ನೀವು ಬಾರದಿದ್ದರೆ ನಾನೊಬ್ಬಳೇ ಸರ್ವಿಸ್ ಬಸ್ಸಿನಲ್ಲಿ ಟಿಕೆಟ್ ತೆಗೆದು ಹೋಗುತ್ತೇನೆ. ಆಮೇಲೆ ಹಾಸ್ಟೆಲಿನಲ್ಲಿ ಜಾಗ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಹೆದರಿಕೆ ಉಂಟು. ಆದರೆ ಅವರ ಪಕ್ಕ ಕುಳಿತು, ಮನೆಯಲ್ಲಿ ಬೇರೆ ಮಾತ್ರೆ ಉಂಟಾ ಎಂದು ಮೊದಲ ಸಲ ಕೇಳುತ್ತೇನೆ. ಅರ್ಧ ಗಂಟೆಯಾದರೂ ಏಳುವುದಿಲ್ಲ.

ಇಂತಿ,
ಕೇಳಿದ್ದೇನೆಂದು ನಲವತ್ತು ಸಲ ಬರೆದು, ಒಂದು ಸಲ ಬಾಯಲ್ಲೂ ಹೇಳಿದ
ದೀಕ್ಷಿತಾ
ಪ್ರಥಮ ವರ್ಷ, ಬಿ.ಫಾರ್ಮ್