ಬಾಟಲಿಯೊಳಗೆ ನಿನ್ನ ಬಾಳೆ

ಇವಳೇ,

ಬೆಳೆದಿದೆ ಅಂತ ಕುಣಿದೆನಲ್ಲ, ಸುಳ್ಳಾಯಿತು ಕಣೇ. ನಿನ್ನ ಬಾಳೆ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ನೀನು ಹೋದ ಮೇಲೆ ನಮ್ಮ ಹೊನ್ನೂರಿನ ಹಿತ್ತಲಲ್ಲಿ ಬಾಳೆಗಳು ಒಂದೊಂದಾಗಿ ಸೊರಗಿದವು. ನೀರು ಹಾಕಲಿಲ್ಲ ಅಂತ ಬಯ್ಯಬೇಡ, ರೋಗ ಅದು. ಚೆನ್ನಾಗಿದ್ದ ಒಂದೇ ಕಂದನ್ನು ಅಗೆದು, ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ, ಬಾಟಲಿಯೊಳಗೇ ಸಸಿ ಬೆಳೆಸುತ್ತಾರಲ್ಲ, ನಾನು ಬಾಟಲಿ ತೊಳೆಯುವ ಆ ಲ್ಯಾಬಿಗೇ.

"ಮಗೀಗೆ ಟಿಕೇಟ್ ತಕಳಣ್ಣೋ," ಅಂದ ಕಂಡಕ್ಟರು.

"ಇನ್ನೂ ಮೊಲೆ ಬುಡ್ಸಿಲ್ಲ ಕಣ್ಲಾ, ಅದ್ಕೆಂತಾ ಟಿಕೇಟು?"

ಬಸ್ಸೆಲ್ಲ ನಕ್ಕಿತು. ನೀನು ಪಕ್ಕದಲ್ಲಿದ್ದಿದ್ದರೆ ಚಿವುಟುತ್ತಿದ್ದೆ, ಅಲ್ಲವಾ?

ಲ್ಯಾಬಿನ ಮೇಡಂ ಗೆಡ್ಡೆಯ ಎಳೆ ಸುಳಿ ಕೊಯ್ದು ಬಾಟಲಿಗಳಿಗೆ ಹಾಕಿದರು. ಒಂದನ್ನು ಬಿಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯಿತು. ಅದೂ ಹೋದರೆ ನಿನ್ನ ಬಾಳೆಯ ಕುಲವೇ... ಮುಚ್ಚಳ ತೆಗೆದರೆ ಗಾಳಿ ಸೋಕಿ ಕೆಡುತ್ತೆ. ಅದಕ್ಕೇ ಗಾಜಿನ ಹೊರಗಿನಿಂದ ಸ್ಕೇಲು ಹಿಡಿದು, ಗಿಡದ ಊಟಕ್ಕೆ ಅಂತ ಹಾಕಿ ತಳದಲ್ಲಿ ಹೆಪ್ಪುಗಟ್ಟಿರುವ ಗಂಜಿಯ ಮಟ್ಟದಿಂದ ಚಿಗುರಿನ ತುದಿಯವರೆಗೆ ದಿನಾ ಅಳೆಯುತ್ತಿದ್ದೆ. ಏರುತ್ತಲೇ ಇತ್ತು!

"ಅಣ್ಣ, ಗಿಡ ಬೆಳೆದಿಲ್ಲ. ಗಂಜಿ ಒಣಗಿ ಕೆಳಗಿಳಿದಿದೆ, ಅಷ್ಟೆ," ಅಂದರು ಮೇಡಂ.

"ನಾನೂ ಉದ್ದ ಆಗಿವ್ನಿ ಅನ್ಕಂಡಿದ್ದೆ. ಪ್ಯಾಂಟೇ ಕುಗ್ಗಿರ್ಬೇಕು ಬುಡಿ ಮೇಡಂ."

ಎಲ್ಲರೂ ನಕ್ಕರು. ನಾನು ತೊಟ್ಟಿಯ ಹತ್ತಿರ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು... ನಿನಗೆ ಹೇಳಬೇಕಾ?

ಆಮೇಲೆ ಗಾಜಿನಾಚೆ ಹಸಿರು ಎದ್ದಂತೆ ಕಂಡರೂ ನಂಬಲಿಲ್ಲ. ಇವತ್ತು ಮೇಡಂ ಅದನ್ನು ಹೊಸ ಬಾಟಲಿಗೆ ಬದಲಾಯಿಸುವಾಗ ನನ್ನನ್ನೂ ಒಳಗೆ ಕರೆದರು. ಬಾಯಿಗೆ ಬಟ್ಟೆ, ಪಿಟ್ಟೆನ್ನುವ ಹಾಗಿಲ್ಲ. ನನಗೆ! ಗಿಡವನ್ನು ತಟ್ಟೆಯ ಮೇಲೆ ಮಲಗಿಸಿ ಬುಡದಿಂದ ತುದಿಯವರೆಗೆ ಅಳೆದು ತೋರಿಸಿದರು. ಕಡಲೆಕಾಳಿನಷ್ಟಿದ್ದದ್ದು ಕಿರುಬೆರಳಿನಷ್ಟಾಗಿದೆ ಕಣೇ. ಮಗ್ಗುಲಲ್ಲಿ ಒಂದು ಮರಿಯೂ ಮೂಡಿದೆ. ಹೊರಗೆ ಬಂದ ಮೇಲೂ ಒಂದು ತಮಾಷೆ ಬಾಯಿಗೆ ಬರಲಿಲ್ಲ.

ನಮ್ಮ ಹಿತ್ತಲ ಮಣ್ಣಲ್ಲಿ ರೋಗ ಇನ್ನೂ ಇದೆಯಂತೆ. ಅದಕ್ಕೇ ಅಗರದಲ್ಲಿ ನೆಡುತ್ತೇನೆ, ನಿನ್ನ ತವರಲ್ಲಿ. ಮದುವೆಯಾದ ವರ್ಷ ನೀನು ಕಂದು ತಂದದ್ದು ಅಲ್ಲಿಂದಲೇ ತಾನೆ? ಇಲ್ಲಿ ಹಿತ್ತಲು ಖಾಲಿಯೇ ಇರುತ್ತೆ. ಇರಲಿ. ಸಂಜೆಯ ಹೊತ್ತು ನಾನೊಬ್ಬನೇ ಇಲ್ಲಿ ಕೂತು...

ತಮ್ಮನ ಹೆಂಡತಿ ಗೋಡೆಯಾಚೆಯಿಂದ ಕೂಗುತ್ತಿದ್ದಾಳೆ.

"ಬಾವಾ, ಮುದ್ದೆ ಆರೋಯ್ತದೆ, ಉಣ್ಣಾಕ್ ಬನ್ನಿ! ಯಾರ್ ಕುಟ್ಟೆ ಮಾತಾಡ್ತಿದ್ದರಿ?"

"ಯಾರ್ ಕುಟ್ಟೂ ಇಲ್ಲ ಕಣವ್ವ, ಬಂದೆ."