ಸೊಂಟದ ಮೂಳೆಯ ಮಜ್ಜೆ

ಹಂಗಳ, ಫೆಬ್ರವರಿ ೧೨, ಬುಧವಾರ.

ಸೊಂಟದಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ನೋಯುತ್ತಿದೆ. ನನ್ನ ಮಜ್ಜೆಯ ಜೀವಕೋಶಗಳನ್ನು ಸೋತ ಹೃದಯಕ್ಕೆ ಹಾಕಿ ನೋಡುವ ಹೊಸ ಪ್ರಯೋಗವಂತೆ. ಹೃದಯ ಕೆಟ್ಟವರಲ್ಲಿ ಅವೂ ಎಷ್ಟೋ ಸಲ ಮಂಕಾಗಿರುತ್ತವೆ, ಪರೀಕ್ಷಿಸಿ ಹೇಳುತ್ತೇವೆ ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ತಮ್ಮ ಗುರುಮಲ್ಲಯ್ಯ, "ನಂದೇ ತಗಳಿ ಸಾ, ಅರಿಶಿನದ ಮೂಟೆ ಹೊತ್ತಿರೋ ಮೂಳೆ" ಎಂದ. ನಿಮ್ಮಕ್ಕನದ್ದೇ ಆಗಬೇಕು ಎಂದು ಡಾಕ್ಟರು ನಕ್ಕರು.

"ನೋಡ್ದಾ, ನಿನ್ ಮೂಳೆ ಯಾರ್ಗೂ ಬ್ಯಾಡ ಕಣ್ಲಾ" ಎಂದೆ.

"ಓಗಕ್ಕ, ನಿಂಗೇನ್ ಗೊತ್ತು."

ಹೃದಯವೊಂದೇ ಸೋತಿದೆ ಎಂದು ಇಷ್ಟು ದಿನ ಧೈರ್ಯವಾಗಿದ್ದೆ. ಈಗ ಒಳಗೆ ಯಾವುದನ್ನು ನಂಬಲಿ? ಸೋಮವಾರ ಫಲಿತಾಂಶ. ಆ ಕೋಶಗಳು ಕೆಲಸಕ್ಕೆ ಬಾರವು ಎಂದುಬಿಟ್ಟರೆ ಬೇರೆ ದಾರಿಯಿಲ್ಲ.

ಅಷ್ಟು ತಮಾಷೆ ಮಾಡಿದವನು ಬಸ್ಸಿನಲ್ಲಿ ಊರು ಬರುವತನಕ ನನ್ನ ಕೈ ಬಿಡಲಿಲ್ಲ. ನನ್ನ ಭಯಕ್ಕಾದರೆ ಮಾತ್ರೆ ಕೊಟ್ಟಿದ್ದಾರೆ. ಅವನ ಭಯಕ್ಕೆ ಯಾರು ಕೊಡುತ್ತಾರೆ?